ರೆಪ್ಪೆ ಬಡಿಯದ ಭಾಷಣ

ಸ್ನೇಹಿತರೇ, ಇವತ್ತು ಬೊಮ್ಮಸಂದ್ರದ ನಮ್ಮ ಕಾಲೇಜಿನಲ್ಲಿ ಮಾತುಗಾರಿಕೆಯ ಪರೀಕ್ಷೆ. ಪರೀಕ್ಷಕಿ ನಾನು. ಮಂಜುನಾಥ ಎಂಬ ಹುಡುಗ ಎದುರು ನಿಂತು ಕಂಪನಿ ಬಸ್ಸುಗಳ ಬಗ್ಗೆ ಭಾಷಣ ಶುರುಮಾಡಿದ. ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಎರಡು ನಿಮಿಷಕ್ಕೆ ಅವನ ಕಣ್ಣಲ್ಲಿ ದಳದಳ ನೀರು.

"ಯಾಕಪ್ಪಾ ಅಳ್ತಿದೀಯ?"

"ಅಳ್ತಿಲ್ಲ ಮೇಡಂ. ಐ ಕಾಂಟ್ಯಾಕ್ಟ್‌ಗೆ ಐದು ಮಾರ್ಕ್ಸ್ ಅಲ್ವಾ? ರೆಪ್ಪೆ ಬಡಿದ್ರೆ ಕಟ್ ಆಗತ್ತೆ ಅಂದ್ರು ಸೀನಿಯರ್ಸ್."

ನನಗೂ ಹಟ ಬಂತು. ಪಾಠ ಹೇಳುವವಳು ಸೋಲುವುದೇ? ನಾನೂ ಕಣ್ಣು ಮಿಟುಕಿಸದೆ ಕೂತೆ. ಒಂದೇ ನಿಮಿಷದಲ್ಲಿ ಸೋತೆ. ಐದಕ್ಕೆ ಐದು ಕೊಟ್ಟೆ.

ಹೊರಟವನು ಬಾಗಿಲಲ್ಲಿ ನಿಂತು ಕೇಳಿದ, "ಭಾಷಣ ಹೆಂಗಿತ್ತು ಮೇಡಂ?"

ಈ ಗಲಾಟೆಯಲ್ಲಿ ನಾನು ಒಂದಕ್ಷರವನ್ನೂ ಕೇಳಿಸಿಕೊಂಡಿರಲಿಲ್ಲ.

"ತುಂಬಾ ಚೆನ್ನಾಗಿತ್ತಪ್ಪಾ," ಎಂದೆ, ಕಿಟಕಿ ಕಡೆ ನೋಡುತ್ತಾ.

ಐ ಕಾಂಟ್ಯಾಕ್ಟ್‌ನ ನನ್ನ ಐದು ಮಾರ್ಕ್ಸ್ ಅಲ್ಲಿಗೆ ಹೋಯಿತು.