ಸುಟ್ಟು ನೋಡಿದ ತಂತಿ

ಬಟ್ಟೆ ವ್ಯಾಪಾರದವರ ಮನೆಯಲ್ಲಿ ಹುಟ್ಟಿದವನು ಮಾತನ್ನು ಅಷ್ಟು ಬೇಗ ನಂಬುವುದಿಲ್ಲ. ಯಾರಾದರೂ ಉಣ್ಣೆ ಎಂದರೆ ನಾವು ಒಂದು ಎಳೆ ಕಿತ್ತು ಕಡ್ಡಿ ಗೀರುತ್ತೇವೆ. ಹತ್ತಿಯಾದರೆ ಕಾಗದದಂತೆ ಉರಿದು ಹೋಗುತ್ತದೆ. ಉಣ್ಣೆಯೋ ರೇಷ್ಮೆಯೋ ಆದರೆ ಮುರುಟಿಕೊಂಡು ಕೂದಲು ಸುಟ್ಟ ವಾಸನೆ ಬರುತ್ತದೆ. ಸೋಲಾಪುರದ ನಮ್ಮ ಚಾದರದ ಅಂಗಡಿಯಲ್ಲಿ ಅಪ್ಪ ನನಗೆ ಮೊದಲು ಕಲಿಸಿದ್ದು ಇದನ್ನೇ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯ ಜೊತೆಗೆ ಈ ಗುಣವೂ ನನ್ನ ಪಾಲಿಗೆ ಬಂತು. ಹಾಲಿನವನ ಮೇಲೆ ಸಂಶಯ, ದರ್ಜಿಯ ಮೇಲೆ ಸಂಶಯ, ದಾರಿಯಲ್ಲಿ ನಕ್ಕು ನಮಸ್ಕಾರ ಹೇಳಿದವನ ಮೇಲಂತೂ ಇನ್ನೂ ಹೆಚ್ಚು.

ಐವತ್ತರ ದಶಕದ ಮೊದಲ ವರ್ಷಗಳವು. ರೈಲ್ವೆ ಕ್ವಾರ್ಟರ್ಸಿನ ಸಾಹೇಬರು ಒಬ್ಬೊಬ್ಬರಾಗಿ ಸಾಮಾನು ಮಾರಿ ವಿಲಾಯತಿಗೆ ಹೊರಟಿದ್ದರು. ಅವರಲ್ಲೊಬ್ಬ ಇಂಜಿನ್ ಡ್ರೈವರನ ಮನೆಗೆ ಮೇಜು ನೋಡಲು ಹೋದವನು ಮೂಲೆಯಲ್ಲಿ ಆಳೆತ್ತರದ ಪಿಟೀಲೊಂದು ನಿಂತಿದ್ದನ್ನು ಕಂಡೆ. ಅದಕ್ಕೆ ಡಬಲ್ ಬೇಸ್ ಎನ್ನುತ್ತಾರೆ, ನಿಂತುಕೊಂಡು ಬೆರಳಿನಿಂದ ಮೀಟಬೇಕು ಎಂದ. ಟಾರ್ಚ್ ತರಿಸಿ ಅದರ ಹೊಟ್ಟೆಯೊಳಗೆ ಗೆದ್ದಲು ಹುಡುಕಿದೆ. ಬೆನ್ನು ತಟ್ಟಿ ನೋಡಿದೆ. ಆಮೇಲೆ ಅವನು ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿದ. ಆ ದನಿ ಕಿವಿಗಿಂತ ಮೊದಲು ನನ್ನ ಅಂಗಾಲಿಗೆ ತಾಗಿತು. ತಂತಿಗಳೆಲ್ಲ ಕುರಿಯ ಕರುಳಿನವು, ಬಿಸಿಲಿಗೆ ಇಡಬೇಡ ಎಂದು ಅವನು ಹೇಳುತ್ತಿದ್ದುದು ಅರ್ಧ ಮಾತ್ರ ಕೇಳಿಸಿತು. ಮೇಜು ಬಿಟ್ಟು ಅದನ್ನೇ ಕೊಂಡು ತಂದೆ.

ಕುರಿಯ ಕರುಳು ಎಂಬ ಮಾತು ಪೂರ್ತಿ ತಲೆಗೆ ಹೋದದ್ದು ಹೊಸ್ತಿಲಲ್ಲಿ ಅವ್ವನನ್ನು ಕಂಡಾಗ. ಅವ್ವ ಮನೆಯಲ್ಲಿ ಮೊಟ್ಟೆ ಎಂಬ ಶಬ್ದವನ್ನೂ ಆಡಗೊಡುತ್ತಿರಲಿಲ್ಲ.

“ಎದರ ತಂತಿಯೋ ಇವು?” ಎಂದಳು.

“ರೇಷ್ಮಿವು, ಅವ್ವಾ.”

“ರೇಷ್ಮಿ ಅಂದ್ರ ಮಡಿ ಆತು. ಒಳಗ ಇಡು.”

ಅಂದಿನಿಂದ ಪ್ರತಿ ಸೋಮವಾರ ಪೂಜೆ ಮುಗಿಸಿ ಬಂದು ಅದರ ಹೊಟ್ಟೆಯ ಮೇಲೆ ಮೂರು ಬೆರಳು ವಿಭೂತಿ ಎಳೆಯುತ್ತಿದ್ದಳು. ನಾನು ಆ ಹೊತ್ತಿಗೆ ಅಂಗಡಿಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಬೇಸ್ ಇದ್ದದ್ದು ಮನೆಗೆ ಅಂಟಿಕೊಂಡ ಮಾಲಿನ ಕೋಣೆಯಲ್ಲಿ. ಭಾನುವಾರ ಮಧ್ಯಾಹ್ನ ಸಾಲಿಯ ಮಾಸ್ತರನಾಗಿದ್ದ ಗೆಳೆಯ ಹಾರ್ಮೋನಿಯಂ ತರುತ್ತಿದ್ದ. ಕಲಿಸುವವರು ಯಾರೂ ಇರಲಿಲ್ಲ. ಅವನು ಒಂದೊಂದೇ ಸ್ವರ ಹಿಡಿದು ನಿಲ್ಲಿಸಿದರೆ ನಾನು ತಡಕಾಡಿ ಅದರ ಜಾಗ ಹುಡುಕಿ, ದರ್ಜಿಯ ಸೀಮೆಸುಣ್ಣದಿಂದ ಬೇಸಿನ ಕತ್ತಿನ ಮೇಲೆ ಗುರುತು ಹಾಕುತ್ತಿದ್ದೆ. ಬೆರಳುಗಳ ಚರ್ಮ ಸುಲಿದು, ಬೊಬ್ಬೆ ಬಂದು, ಕೊನೆಗೆ ದಡ್ಡುಗಟ್ಟಿತು. ವಾರವೆಲ್ಲ ಯಾರನ್ನೂ ನಂಬದ ನಾನು ಆ ಎರಡು ಗಂಟೆ ಆ ದನಿಯನ್ನು ನಂಬಿ ಸುಖವಾಗಿರುತ್ತಿದ್ದೆ. ಅದಿಲ್ಲದಿದ್ದರೆ ನನ್ನ ಪಾಲಿಗೆ ಇದ್ದದ್ದು ಗಜಕಡ್ಡಿ, ಗಿರಾಕಿ, ಮತ್ತೆ ಗಜಕಡ್ಡಿ.

ಮೂರನೆಯ ವರ್ಷ ದಸರೆ ಮುಗಿದು ಒಣಗಾಳಿ ಶುರುವಾಗುತ್ತಲೇ ಆ ದಪ್ಪ ತಂತಿ ಢಂ ಎಂದು ಹರಿಯಿತು. ಊರಿನ ವಾದ್ಯದಂಗಡಿಯವರು ಸಿತಾರಿನ ತೆಳ್ಳನೆಯ ಸರಿಗೆ ತೋರಿಸಿ, ಇರುವುದು ಇದೇ ಎಂದು ನಕ್ಕರು. ಹೀಗಿರುವಾಗ ಒಂದು ಬೆಳಿಗ್ಗೆ ಬೀದಿಯಲ್ಲಿ ಪಿಂಜಾರನೊಬ್ಬ ಹತ್ತಿ ಬಡಿಯುವ ಬಿಲ್ಲನ್ನು ಹೆಗಲಿಗೇರಿಸಿ, ಗಾದಿ ಮಾಡಿಸುವವರಿಗೆ ತಿಳಿಯಲೆಂದು ಅದರ ಹೆದೆಯನ್ನು ಟೊಂಯ್ ಎನ್ನಿಸುತ್ತ ಹೊರಟಿದ್ದ. ಆ ದನಿ ನನ್ನ ಬೇಸಿನ ತಮ್ಮನಂತಿತ್ತು. ಓಡಿ ಹೋಗಿ ಹಿಡಿದೆ. ಅಕ್ಕಲಕೋಟದವನು. ಹರಿದ ತುಂಡನ್ನು ಬೆರಳಲ್ಲಿ ಹೊಸೆದು ಮೂಗಿಗೆ ಹಿಡಿದ.

“ಕುರಿ ಕರುಳರಿ ಇದು. ನನ್ನ ಬಿಲ್ಲಿಗೂ ಇದನ ಹಾಕ್ತೀನಿ. ಚಪಳಗಾಂವದಾಗ ಕುರಿಯವರು ಗುರ್ತಿನವ್ರು ಅದಾರ. ದಪ್ಪ ಹುರಿ ಮಾಡಿ ತರ್ತೀನಿ, ಚಿಂತಿ ಬಿಡ್ರಿ.”

ಎಷ್ಟು ಕೊಡುತ್ತೀರಿ ಎಂದು ಕೇಳಲಿಲ್ಲ. ನಾನು ಹೇಳಿದ್ದಕ್ಕೆ ಆಗಲಿ ಎಂದ. ಚೌಕಾಸಿ ಮಾಡದವನನ್ನು ನಾನು ಹುಟ್ಟಿದಾಗಿನಿಂದ ನಂಬಿದವನಲ್ಲ.

ಹದಿನೈದು ದಿನಕ್ಕೆ ತಂತಿ ತಂದುಕೊಟ್ಟ. ನೋಡಲು ನುಣ್ಣಗೆ, ಬೆಣ್ಣೆಯ ಬಣ್ಣಕ್ಕಿತ್ತು. ಅದೇ ವಾರ ಥಂಡಿಕಾಲದ ಮಾಲು ಬಂದಿದ್ದರಿಂದ ಕೋಣೆಯಲ್ಲಿ ಚಾದರದ ಗಂಟುಗಳು ತೊಲೆ ಮುಟ್ಟಿದ್ದವು. ನಡುವೆ ಜಾಗ ಮಾಡಿಕೊಂಡು ತಂತಿ ಬಿಗಿದು ಮೀಟಿದೆ. ದನಿ ನೆಲ ಹಿಡಿಯಲಿಲ್ಲ. ಬುಸ್ ಎಂದು ಅಲ್ಲೇ ಸತ್ತಿತು. ಭಾನುವಾರ ಬಂದ ಮಾಸ್ತರನೂ, “ಯಾಕೋ, ದನಿ ಕುಂತೈತಲ್ಲ?” ಎಂದ. ಉಳಿದ ಮೂರು ಹಳೆಯ ತಂತಿಗಳೂ ಮಂಕಾಗಿದ್ದವು. ಕೆಟ್ಟವನ ಸಹವಾಸದಿಂದ ಇವೂ ಕೆಟ್ಟವು ಎಂದುಕೊಂಡೆ.

ಆಮೇಲೆ ನಿದ್ದೆಯಲ್ಲೂ ಪಿಂಜಾರನೇ. ಅವನ ಕೈಯಲ್ಲಿ ಹತ್ತಿಗೇನು ಬರವೇ? ನೂಲು ಹೊಸೆದು, ಸರಸಿನ ಅಂಟು ಹಚ್ಚಿ, ಮೇಲೆ ಎಣ್ಣೆ ಸವರಿ ಕರುಳು ಎಂದು ಕೊಟ್ಟಿದ್ದಾನೆ. ಚಪಳಗಾಂವ ಎಂದದ್ದೂ ಸುಳ್ಳು. ಹೊರಡುವಾಗ ನಕ್ಕನಲ್ಲ, ಆ ನಗೆ ಯಾಕೆ? ನಾಲ್ಕು ದಿನ ಹೀಗೇ ಬೆಂದು, ಐದನೆಯ ದಿನ ಮಧ್ಯಾಹ್ನ ಅವ್ವ ಅಡ್ಡಾಗಿದ್ದಾಗ ಕೋಣೆಗೆ ಹೋಗಿ ಕದ ಮುಂದೆ ಮಾಡಿದೆ. ತಂತಿ ಸುತ್ತುವ ಬಿರಡೆಯಿಂದ ಒಂದು ಗೇಣು ತುದಿ ಹೊರಗೆ ಉಳಿದಿತ್ತು. ಅದಕ್ಕೆ ಕಡ್ಡಿ ಗೀರಿ ಹಿಡಿದೆ.

ತುದಿ ಉರಿಯಲಿಲ್ಲ. ಚುರ್ರೆಂದು ಮುರುಟಿ ಕಪ್ಪು ಗಂಟಾಯಿತು. ಸುಟ್ಟ ಕೂದಲಿನ, ಸುಟ್ಟ ಚರ್ಮದ ವಾಸನೆ ಕೋಣೆ ತುಂಬಿತು. ಕರುಳೇ! ಮೋಸವಿಲ್ಲ! ಸಂತೋಷದಿಂದ ತಿರುಗಿದರೆ ಬಾಗಿಲಲ್ಲಿ ಅವ್ವ ಮೂಗಿಗೆ ಸೆರಗು ಹಿಡಿದು ನಿಂತಿದ್ದಾಳೆ.

“ಏನ್ ಸುಟ್ಟಿ?”

“ತಂತಿ ತುದಿ, ಅವ್ವಾ. ರೇಷ್ಮಿ ಸುಟ್ರ ಹಿಂಗ ವಾಸನಿ ಬರತೈತಿ. ನಿನಗ ಗೊತ್ತಿಲ್ಲದ್ದೇನು?”

“ಗೊತ್ತೈತಿ. ಅದು ರೇಷ್ಮಿ ಅಂತ ನಿನಗೂ ಗೊತ್ತಿತ್ತಲ್ಲ. ಮತ್ತ ಯಾಕ ಸುಟ್ಟು ನೋಡಿದಿ?”

ಇಪ್ಪತ್ತು ವರ್ಷ ಬಟ್ಟೆ ವ್ಯಾಪಾರಿಯ ಹೆಂಡತಿಯಾಗಿದ್ದವಳು. ಸುಟ್ಟ ಕಡ್ಡಿಯನ್ನು ಕೆಳಗೆ ಹಾಕಿದೆ. ಕೊನೆಗೆ ಕುರಿಯ ಕರುಳು ಎಂದೆ.

ಅವ್ವ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೇ ಹಗುರಾಗುತ್ತಿತ್ತು. ಬೇಸಿನ ಹೊಟ್ಟೆಯ ಮೇಲಿನ ವಿಭೂತಿಯನ್ನು ನೋಡುತ್ತ ನಿಂತಳು.

“ಮೂರು ವರ್ಷ ನಿನ್ನ ಮಾತಿನ ಮ್ಯಾಲೆ ಹಚ್ಚೀನಿ. ಒಂದು ದಿನಾರ ನಾ ಸುಟ್ಟು ನೋಡೀನೇನು?” ಎಂದಳು. ಹೊತ್ತು ಮುಳುಗುವುದರೊಳಗೆ ಅದು ಮನೆಯಿಂದ ಹೊರಗೆ ಹೋಗಬೇಕು ಎಂದು ಹೇಳಿ ಕೋಣೆ ತೊಳೆಯಲು ನೀರು ತರಲು ಹೋದಳು.

ಅಕ್ಕಲಕೋಟಕ್ಕೆ ಹೊರಟಿದ್ದ ಮಾಲಿನ ಲಾರಿಯ ಮೇಲೆ ಬೇಸನ್ನು ಕಟ್ಟಿಸಿ ನಾನೂ ಹತ್ತಿದೆ. ಕರುಳಿಗೆ ಹೇಸದವರು ಆ ಪಿಂಜಾರನನ್ನು ಬಿಟ್ಟರೆ ನನಗೆ ಯಾರೂ ಗೊತ್ತಿರಲಿಲ್ಲ. ಅವನು ಏನು, ಎತ್ತ ಎಂದು ಕೇಳದೆ ಹತ್ತಿ ಬಡಿಯುವ ಕೊಟ್ಟಿಗೆಯ ಪಕ್ಕದ ಖಾಲಿ ಕೋಣೆ ತೆರೆದುಕೊಟ್ಟ. ಹಾಸುಗಲ್ಲಿನ ನೆಲ, ಕಲ್ಲಿನ ಗೋಡೆ, ಒಳಗೆ ಒಂದು ಮಣೆಯೂ ಇಲ್ಲ. ಲಾರಿಯ ಕುಲುಕಾಟಕ್ಕೆ ಸಡಿಲಾದ ತಂತಿಯನ್ನು ಬಿಗಿದು ಸುಮ್ಮನೆ ಮೀಟಿದೆ.

ದನಿ ಎದ್ದು ಗೋಡೆ ಹಿಡಿಯಿತು. ಸಾಹೇಬನ ಮನೆಯಲ್ಲಿ ಕೇಳಿದ್ದಕ್ಕಿಂತ ದುಂಡಗೆ, ತುಂಬಿಕೊಂಡು, ಅಂಗಾಲಿನಿಂದ ಮೊಳಕಾಲಿಗೆ ಏರಿತು. ತಂತಿಯ ತಪ್ಪೇನೂ ಇರಲಿಲ್ಲ. ಕೋಣೆ ತುಂಬ ಒಟ್ಟಿದ್ದ ನನ್ನ ಚಾದರಗಳೇ ಆ ದನಿಯನ್ನು ನುಂಗಿದ್ದವು. ಊರಿಗೆಲ್ಲ ಚಾದರ ಮಾರುವ ನನಗೆ ಇಷ್ಟು ಹೊಳೆಯಲಿಲ್ಲ.

ಪಿಂಜಾರ ಹತ್ತಿರ ಬಂದು ತನ್ನ ಹುರಿಯನ್ನು ಮೇಲಿನಿಂದ ಕೆಳಗೆ ಸವರಿದ. ಬಿರಡೆಯ ಬಳಿ ಕಪ್ಪು ಗಂಟಿನ ಮೇಲೆ ಅವನ ಬೆರಳು ನಿಂತಿತು. ಬಟ್ಟೆಯವರ ಪರೀಕ್ಷೆ ಅವನಿಗೂ ಗೊತ್ತು.

“ನನ್ನ ಮುಂದನ ಸುಡಬೇಕಿತ್ತಲ್ರಿ,” ಎಂದ. “ಕಡ್ಡಿ ನಾನ ಗೀರತಿದ್ದೆ.”

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ತಲೆ ತಗ್ಗಿಸಿ ಆ ಕಪ್ಪು ಗಂಟನ್ನು ಉಗುರಿನಿಂದ ಕೆರೆದೆ.

ಆಮೇಲೆ ಎಷ್ಟೋ ಭಾನುವಾರ ಅಕ್ಕಲಕೋಟಕ್ಕೆ ಹೋಗಿ ನುಡಿಸಿ ಬಂದೆ. ಅವನು ಬೇಸಿನ ಮೇಲೆ ಕೂತ ಹತ್ತಿಯ ಎಳೆಗಳನ್ನು ಒರೆಸಿ ಇಟ್ಟಿರುತ್ತಿದ್ದ. ವಿಭೂತಿಯ ಮೂರು ಗೆರೆಗಳನ್ನು ಮಾತ್ರ ಮುಟ್ಟಿರಲಿಲ್ಲ. ಯಾಕೆ ಎಂದರೆ, “ಅವ್ವಾರು ಹಚ್ಚಿದ್ದಲ್ರಿ,” ಎಂದ.

ನಾನು ಎಲ್ಲಿಗೆ ಹೋಗುತ್ತೇನೆಂದು ಅವ್ವನಿಗೆ ಗೊತ್ತಿತ್ತು. ಆ ವಿಷಯ ಎತ್ತಲಿಲ್ಲ. ಸಂಜೆ ಮನೆಗೆ ಬಂದರೆ ಎಂದಿನಂತೆ “ಉಂಡಿಯೇನು?” ಎಂದು ಕೇಳುತ್ತಿದ್ದಳು, ನಾನು ಉಂಡೆ ಎನ್ನುತ್ತಿದ್ದೆ. ಮೊದಲಾದರೆ ಅಲ್ಲಿಗೆ ಮುಗಿಯುತ್ತಿತ್ತು. ಈಗ ಎದ್ದು ಹೋಗಿ, ನಾನು ಕಟ್ಟಿಕೊಂಡು ಹೋದ ಬುತ್ತಿಯ ಅರಿವೆಯನ್ನು ಬಿಚ್ಚಿ, ರೊಟ್ಟಿ ಉಳಿದಿದೆಯೇ ಎಂದು ನೋಡುತ್ತಿದ್ದಳು.