ಬಿ.ಎ. ಮಾಸ್ಟ್ರ ಬಾಳೆಗೊನೆ

ಸಿದ್ಧಕಟ್ಟೆಯ ಮಾಯಿಲಪ್ಪ ಮಾಸ್ಟ್ರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ತೋಡಾರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಅಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಕಲಿಸುತ್ತ, ಮದುವೆಯನ್ನು ಮುಂದೆ ಮುಂದೆ ಹಾಕುತ್ತ, ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿ ಕಟ್ಟಿ, ಕೊನೆಗೆ ಅರವತ್ತೊಂದನೇ ಇಸವಿಯಲ್ಲಿ, ಕಿವಿಯ ಹತ್ತಿರ ಕೂದಲು ಬೆಳ್ಳಗಾದ ಮೇಲೆ, ಬಿ.ಎ. ಪಾಸಾದರು. ಇನ್ನಾದರೂ ಮನುಷ್ಯ ತಣ್ಣಗಾದಾನು ಎಂದುಕೊಂಡರೆ, ಎಲ್ಲಿಯದು! ಆ ವಾರದಲ್ಲೇ ಅವರು ಸಿದ್ಧಕಟ್ಟೆಗೆ ಬಂದಾಗ ಅಮ್ಮ ಸೇಸಮ್ಮ ಹಿತ್ತಲಿನ ಬಾಳೆಗೊನೆ ಕಡಿದು ಹೊಸ್ತಿಲ ಬಳಿ ಇಟ್ಟಳು.

"ನಾಳೆ ಇದನ್ನು ಧಣಿಗಳಿಗೆ ಒಪ್ಪಿಸಿ ಬರುವ ಮಗ."

"ಎಂಥಕ್ಕೆ?"

"ಎಂಥಕ್ಕೆ ಅಂತ ಕೇಳ್ತೀಯಲ್ಲ! ಒಳ್ಳೆಯದಾದರೆ ಒಕ್ಕಲಿನವರು ಕಾಣಿಕೆ ಕೊಡುವುದು ಉಂಟಲ್ಲ. ಗದ್ದೆ ಅವರದ್ದು."

ಗದ್ದೆ ಧಣಿಯದ್ದು, ನಿಜ. ಚಾಲಗೇಣಿಯ ಗದ್ದೆ, ಧಣಿ ಮುನಿದರೆ ಬರುವ ವರ್ಷಕ್ಕೆ ಇಲ್ಲ. ಗಂಡ ಸತ್ತ ಮೇಲೆ ಸೇಸಮ್ಮ ಅದರಲ್ಲೇ ಬೆಳೆದು, ಅಕ್ಕಿಮುಡಿ ಕಟ್ಟಿ ಗೇಣಿ ಒಪ್ಪಿಸಿ, ಉಳಿದದ್ದರಲ್ಲಿ ಮಗನನ್ನು ಸಾಕಿದವಳು. ಆದರೆ ಮಾಸ್ಟ್ರ ಹೊಟ್ಟೆ ಉರಿಯುತ್ತಿದ್ದುದು ಬೇರೆ ಕಾರಣಕ್ಕೆ. ಅವರು ಹುಡುಗನಾಗಿದ್ದಾಗ ಇದೇ ಧಣಿ, "ಒಕ್ಕಲಿನ ಮಗನಿಗೆ ಎಂಥ ಶಾಲೆ? ನಮ್ಮ ದನ ಮೇಯಿಸಲಿಕ್ಕೆ ಕಳಿಸು" ಎಂದಿದ್ದ. "ಅವನ ಬದಲಿಗೆ ನಾನು ಬರ್ತೇನೆ" ಎಂದು ಸೇಸಮ್ಮ ವರ್ಷಗಟ್ಟಲೆ ಆ ಮನೆಯ ದನದ ಹಟ್ಟಿಯ ಸೆಗಣಿ ಬಾಚಿದಳು, ಬಿಟ್ಟಿಯಾಗಿ. ಅಂಥವನಿಗೆ ಬಾಳೆಗೊನೆಯಂತೆ! ಆದರೂ ಅಮ್ಮನ ಮುಖ ನೋಡಿ ಮಾಸ್ಟ್ರು ಹಲ್ಲು ಕಚ್ಚಿಕೊಂಡು ಗೊನೆ ಹೊತ್ತರು.

ಒಕ್ಕಲಿನವರು ಅಂಗಳದಲ್ಲೇ ನಿಲ್ಲುವುದು ಆ ಮನೆಯ ಕ್ರಮ. ಆದರೆ ಅವತ್ತು ಜಗಲಿಯಲ್ಲಿ ನೆಂಟರಿದ್ದರು, ಧಣಿಗೆ ಉಮೇದು ಬಂತು.

"ಬಿ.ಎ. ಆದವ ಅಂಗಳದಲ್ಲಿ ನಿಲ್ಲುವುದಾ? ಮೇಲೆ ಬಾ ಮಾರಾಯ, ಕುರ್ಚಿ ಉಂಟು."

ಮಾಸ್ಟ್ರು ಗೊನೆ ಕೆಳಗಿಟ್ಟು, ಮೇಲೆ ಹೋಗಿ ಕುಳಿತರು. ಸೇಸಮ್ಮ ಬಿಸಿಲಲ್ಲಿ ನಿಂತೇ ಇದ್ದಳು. ಅವಳ ಮುಖ ಅರಳಿತ್ತು.

"ಅಮ್ಮನೂ ಬರಲಿ," ಎಂದರು ಮಾಸ್ಟ್ರು.

"ಅವಳಿಗೆ ಅಂಗಳವೇ ಅಭ್ಯಾಸ," ಎಂದು ಧಣಿ ನಕ್ಕು ನೆಂಟರ ಕಡೆ ತಿರುಗಿದ. "ಇವನನ್ನು ಶಾಲೆಗೆ ಬಿಟ್ಟದ್ದು ನಾನು. ಇಲ್ಲದಿದ್ದರೆ ದನದ ಬಾಲ ಹಿಡಿದುಕೊಂಡು ಇರ್ತಿದ್ದ. ಹೇಳು ಮಾಯಿಲ, ನಾಲ್ಕು ಜನ ಕೇಳಲಿ."

ಮಾಸ್ಟ್ರು ಎದ್ದರು.

"ಹೇಳ್ತೇನೆ ಧಣಿಗಳೇ. ನನ್ನನ್ನು ಶಾಲೆಗೆ ಬಿಟ್ಟದ್ದು ನೀವಲ್ಲ, ನಿಮ್ಮ ಹಟ್ಟಿಯ ಸೆಗಣಿ ಬಾಚಿದವಳು. ಈ ಗೊನೆ ಅವಳಿಗೆ ಸಲ್ಲಬೇಕಾದ್ದು."

ದಡದಡ ಇಳಿದು, ಗೊನೆಯನ್ನು ಅಮ್ಮನ ಮುಂದಿಟ್ಟು, ಎಲ್ಲರೂ ನೋಡುತ್ತಿದ್ದಂತೆ ಅಂಗಳದಲ್ಲೇ ಅವಳ ಕಾಲು ಹಿಡಿದರು.

"ಉಂಡ ಮನೆಗೆ ಎರಡು ಬಗೆದೆಯಲ್ಲ!" ಧಣಿ ಕಿರುಚಿದ. "ಬರುವ ವರ್ಷ ಗದ್ದೆಗೆ ಕಾಲಿಟ್ಟರೆ ನೋಡು!"

ಮನೆ ಮುಟ್ಟಿದ ಮೇಲೆ ಸೇಸಮ್ಮ ಸಿಡಿದಳು. "ನನ್ನ ಕಾಲು ಹಿಡಿಯಲಿಕ್ಕೆ ಮನೆಯಲ್ಲಿ ಜಾಗ ಇರಲಿಲ್ಲವಾ ನಿನಗೆ?"

"ಅಮ್ಮ, ನಿನಗೆ ಕೃತಜ್ಞತೆ..."

"ಸುಡು ನಿನ್ನ ಕೃತಜ್ಞತೆ! ನನ್ನ ಗದ್ದೆ ಹೋಯಿತು."

ಹೋಯಿತು. ಸೇಸಮ್ಮ ತೋಡಾರಿಗೆ, ಮಗನ ಬಾಡಿಗೆ ಮನೆಗೆ ಬಂದಳು. "ಭೇಷ್ ಮಾಸ್ಟ್ರೇ, ಗಂಡು ಅಂದರೆ ನೀವು!" ಎಂದು ಊರಿಗೆ ಊರೇ ಹೊಗಳಿತು. ಥೂ, ಹೊಗಳುವವರಿಗೇನು, ಹೋದದ್ದು ಅವರ ಗದ್ದೆಯಾ? ಸೇಸಮ್ಮ ಮಾತ್ರ ಮಗನೊಡನೆ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದಳು.

ಮಳೆ ಹಿಡಿಯಿತು. ಒಂದು ಸಂಜೆ ಮಾಸ್ಟ್ರು ಶಾಲೆಯಿಂದ ಬರುವಾಗ ದಾರಿಬದಿಯ ಗದ್ದೆಯಲ್ಲಿ ಹೆಂಗಸರು ಭತ್ತದ ನೇಜಿ ನೆಡುತ್ತಿದ್ದರು. ಅವರ ನಡುವೆ ಬಗ್ಗಿದ್ದವಳು ಸೇಸಮ್ಮ! ಮಾಸ್ಟ್ರ ಪಿತ್ತ ನೆತ್ತಿಗೇರಿತು.

"ಅಮ್ಮಾ! ಕಂಡವರ ಗದ್ದೆಯಲ್ಲಿ ಕೂಲಿಯಾ? ನಾನು ಸಾಕುವುದಿಲ್ಲವಾ ನಿನ್ನನ್ನು? ನನ್ನ ಹತ್ತಿರ ಒಂದು ಮಾತು ಕೇಳಬಾರದಿತ್ತಾ?"

ಸೇಸಮ್ಮ ಸೊಂಟ ನೆಟ್ಟಗೆ ಮಾಡಿದಳು.

"ಆ ದಿವಸ ನೀನು ನನ್ನನ್ನು ಕೇಳಿದ್ದೆಯಾ? ಕೈ ನನ್ನ ಕಾಲಿನ ಮೇಲೆ ಇತ್ತು ಮಗ. ಕಣ್ಣು ಧಣಿಯ ಮುಖದ ಮೇಲೆ ಇತ್ತು. ನಾನು ನೋಡಿದ್ದೇನೆ."

ಅವಳು ಹೇಳಿದ್ದು ನಿಜವಾಗಿತ್ತು. ಮಾಸ್ಟ್ರು ಗದ್ದೆಯ ಬದಿಯಲ್ಲಿ ಕೊಡೆ ಮಡಚಿಟ್ಟು, ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದರು. ಅಮ್ಮನ ಪಕ್ಕದಲ್ಲಿ ಬಗ್ಗಿ ಒಂದು ಹಿಡಿ ನೇಜಿ ತೆಗೆದುಕೊಂಡರು. ಗಂಡಸು ನೇಜಿ ನೆಡುವುದುಂಟಾ ಎಂದು ಹೆಂಗಸರು ಬಿದ್ದು ಬಿದ್ದು ನಕ್ಕರು. ಮಾಸ್ಟ್ರು ಕೆಂಪಗಾಗಿ ಅವರತ್ತ ತಲೆಯೆತ್ತಿದರು.

"ಅವರನ್ನು ಎಂಥ ನೋಡುವುದು?" ಎಂದಳು ಸೇಸಮ್ಮ. "ಕೆಳಗೆ ನೋಡಿ ನೆಡು."