ತಮ್ಮನ ಬರಿಗೊರಳು

ನಾನು ಸುಲಭಕ್ಕೆ ಯಾರನ್ನೂ ನಂಬೋ ಆಸಾಮಿಯಲ್ಲ. ಹಿಂದೂಪುರದಲ್ಲಿ ಹುಣಸೇಹಣ್ಣಿನ ಮಂಡಿ ಇಟ್ಟವನು ಮೂಟೆಯ ಬಾಯಲ್ಲಿ ಕಾಣೋ ಹಣ್ಣು ನಂಬಿದರೆ ಕೆಟ್ಟ. ತಳಕ್ಕೆ ಕೈ ಹಾಕಿ ನೋಡಬೇಕು. ಯುದ್ಧದ ಕಾಲದಲ್ಲಿ ನಮ್ಮೂರ ಸ್ಕೂಲು ಕಟ್ಟಡದಲ್ಲಿ ಮಿಲಿಟರಿ ಆಸ್ಪತ್ರೆ ಮಾಡಿದ್ದರು. ಕಾಲಿಗೆ ಗುಂಡು ತಗುಲಿದ ನನ್ನ ತಮ್ಮನನ್ನು ಅಲ್ಲಿಗೆ ತಂದ ನಾಲ್ಕು ದಿನದ ಮೇಲೆ ಸುದ್ದಿ ತಿಳಿದು ಹೋದಾಗ ನಾನು ಮೊದಲು ನೋಡಿದ್ದು ಅವನ ಕೊರಳು. ಶಿವದಾರ ಇರಲಿಲ್ಲ.

ನಾವು ಲಿಂಗವಂತರು. ಹುಟ್ಟಿದಾಗ ಕಟ್ಟಿದ ಲಿಂಗ ಮಣ್ಣಿಗೆ ಹೋಗೋವರೆಗೂ ಮೈಮೇಲಿರಬೇಕು. ಅದನ್ನು ಅಂಗೈಲಿಟ್ಟು ಪೂಜೆ ಮಾಡದೆ ತುತ್ತು ಅನ್ನ ಹೋಗಲಿ, ಗುಟುಕು ನೀರೂ ಮುಟ್ಟಂಗಿಲ್ಲ. ಕಲ್ಯಾಣದುರ್ಗದಲ್ಲಿದ್ದ ನಮ್ಮಮ್ಮ ಅವನನ್ನು ಪಟಾಲಮಿಗೆ ಕಳಿಸುವಾಗ ಜೀವ ಹೋದರೂ ಲಿಂಗ ಬಿಡಬೇಡ ಅಂತ ಹೇಳೇ ಕಳಿಸಿದ್ದಳು.

ತಮ್ಮನನ್ನು ಕೇಳಿದೆ. ಆಪರೇಷನ್ನಿಗೆ ಮುಂಚೆ ಡಾಕ್ಟರು ದಾರ, ತಾಯಿತ ಎಲ್ಲ ಬಿಚ್ಚಿಸಿ ಸ್ಟೋರಿನಲ್ಲಿ ಬೀಗ ಹಾಕಿಸಿದರಂತೆ, ಗಾಯ ಮಾಯೋವರೆಗೂ ಕೊಡಲ್ಲವಂತೆ. ಮತ್ತೆ ಊಟ? ಅವನು ಮುಖ ಗೋಡೆ ಕಡೆ ತಿರುಗಿಸಿ, ಉಣ್ತಾ ಇದೀನಿ ಬಿಡಣ್ಣ ಅಂದ. ಪೂಜೆಯಿಲ್ಲದೆ ಉಣ್ಣೋ ಮಗನನ್ನು ನಮ್ಮಮ್ಮ ಹೆತ್ತಿಲ್ಲ.

ಅಷ್ಟರಲ್ಲಿ ಮೌಲ್ವಿ ಬಂದ. ಮಿಲಿಟರಿಯವರು ಹಿಂದೂ ಸಿಪಾಯಿಗಳಿಗೊಬ್ಬ ಪಂಡಿತ, ಸಾಬರಿಗೊಬ್ಬ ಮೌಲ್ವಿ ಅಂತ ಸಂಬಳ ಕೊಟ್ಟು ಇಟ್ಟಿದ್ದರು. ನರೆತ ಗಡ್ಡ, ಕಂಕುಳಲ್ಲಿ ಒಂದು ಮರದ ಪೆಟ್ಟಿಗೆ. ಸಾಬರ ಮಂಚಗಳನ್ನೆಲ್ಲ ದಾಟಿ ನೇರ ನನ್ನ ತಮ್ಮನ ಹತ್ತಿರ ಬಂದವನು ನನ್ನನ್ನು ಕಂಡು ಹಂಗೇ ಹಿಂದಕ್ಕೆ ಹೋದ. ತಮ್ಮನೂ ಕಣ್ಣು ತಪ್ಪಿಸಿದ. ಇನ್ನೇನು ಬೇಕು? ಕಾಯಿಲೆ ಬಿದ್ದ ಹುಡುಗನನ್ನು ಮುದುಕ ಬುಟ್ಟಿಗೆ ಹಾಕ್ಕೊಂಡವ್ನೆ ಅಂತ ತೀರ್ಮಾನ ಮಾಡಿಬಿಟ್ಟೆ.

ಮಾರನೇ ದಿನ ಊಟದ ಹೊತ್ತಿಗೆ ಹೋಗಿ ಕಿಟಕಿಯ ಹೊರಗೆ ನಿಂತೆ. ಮೌಲ್ವಿ ಪೆಟ್ಟಿಗೆಯನ್ನು ಮಂಚದ ಮೇಲಿಟ್ಟು ಮುಚ್ಚಳ ತೆಗೆದ. ಆಮೇಲೆ ಬೆನ್ನು ತಿರುಗಿಸಿ, ಎರಡೂ ಕೈಯಲ್ಲಿ ದುಪ್ಪಟಿ ಎತ್ತಿ ಪರದೆ ಹಿಡಿದ. ತಮ್ಮ ಕೈ ಹಾಕಿ ತೆಗೆದದ್ದು ನಮ್ಮ ಮನೆಯ ಬೆಳ್ಳಿ ಕರಡಿಗೆ, ಲಿಂಗ ಇಡೋದು. ವಿಭೂತಿ ಹಚ್ಚಿಕೊಂಡು ಲಿಂಗ ಅಂಗೈಲಿಟ್ಟು ಕಣ್ಣು ಮುಚ್ಚಿದ. ಪೂಜೆ ಮುಗಿಯೋವರೆಗೂ ಮೌಲ್ವಿ ಗೋಡೆ ನೋಡುತ್ತಾ ನಿಂತಿದ್ದ.

ಒಳಗೆ ನುಗ್ಗಿ, ನಮ್ಮ ಲಿಂಗ ಮುಟ್ಟೋಕೆ ನೀನ್ಯಾರು ಅಂತ ಕೇಳಿದೆ. ಮೆಲ್ಲಗೆ ಮಾತಾಡಣ್ಣ, ಡಾಕ್ಟರಿಗೆ ತಿಳಿದರೆ ಇದೂ ನಿಂತುಹೋಗ್ತದೆ ಅಂತ ತಮ್ಮ ಕೈಮುಗಿದ. ಪಂಡಿತನನ್ನು ಕೇಳಿದರೆ ಮನಸ್ಸಲ್ಲೇ ಕೈಮುಗಿದರೆ ಸಾಕು ಅಂದುಬಿಟ್ಟಿದ್ದನಂತೆ. ಇವನು ನೀರೂ ಮುಟ್ಟದೆ ಬಿದ್ದಿದ್ದಾಗ, ದೇವರ ಸಾಮಾನು ಬೇಕು ಅಂತ ಮೌಲ್ವಿಯೇ ಸ್ಟೋರಿನಿಂದ ಬಿಡಿಸಿ ತಂದದ್ದು. ಯಾವ ದೇವರು ಅಂತ ಸ್ಟೋರಿನವನು ಕೇಳಿರಲಿಲ್ಲ. ಕರಡಿಗೆಯನ್ನು ಪೆಟ್ಟಿಗೆಗೆ ಇಡೋದೂ ತೆಗೆಯೋದೂ ತಮ್ಮನ ಕೈಯೇ.

ಇದರಲ್ಲಿ ನಿಮಗೇನು ಲಾಭ ಅಂತ ಮೌಲ್ವಿಯನ್ನು ಕೇಳಿದೆ. ವ್ಯಾಪಾರಿ ಬಾಯಿ, ಇನ್ನೇನು ಬಂದೀತು?

"ರಂಜಾನಿನಾಗೆ ಉಪವಾಸ ಇರೋ ಸಿಪಾಯಿಗೆ ಹೊತ್ತಿಗೆ ಸರಿಯಾಗಿ ಅನ್ನ ಸಿಗಂಗೆ ನೋಡೋದು ನನ್ನ ಡ್ಯೂಟಿ, ಸಾವ್ಕಾರ್ರೆ," ಅಂದರು. "ಇವ್ನೂ ಉಪವಾಸ ಇದ್ದ."

ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಆಗಲೂ ನನ್ನ ಮನಸ್ಸು ಕುಟುಕುತ್ತಲೇ ಇತ್ತು. ಆದರೆ ತಮ್ಮ ಅನ್ನ ಕಲಸಿಕೊಂಡು ಉಣ್ಣುತ್ತಿದ್ದ.

ಹೆದರಿಕೆ ಶುರುವಾಗಿದ್ದು ಅಮ್ಮ ಇದ್ದಿಲಲ್ಲಿ ಓಡೋ ಬಸ್ಸು ಹತ್ತಿ ಬಂದಾಗ. ಅನುಮಾನ ನನಗೆ ಅವಳಿಂದಲೇ ಬಂದ ಬಳುವಳಿ. ಊಟದ ಹೊತ್ತು ಕಳೆದ ಮೇಲೆ ಆಸ್ಪತ್ರೆಗೆ ಕರಕೊಂಡು ಹೋಗೋಣ ಅಂತಿದ್ದೆ. ಅವಳು ನನ್ನ ಮಾತು ಯಾವತ್ತು ಕೇಳಿದ್ದಳು? ಗಂಟು ಕೆಳಗಿಡದೆ ನೇರ ಆಸ್ಪತ್ರೆಗೆ ಹೊರಟಳು. ಬಾಗಿಲಿಗೆ ಬರೋದಕ್ಕೂ ಮೌಲ್ವಿ ದುಪ್ಪಟಿ ಎತ್ತೋದಕ್ಕೂ ಸರಿಹೋಯಿತು.

ಅಮ್ಮ ಅಲ್ಲೇ ನಿಂತಳು. ಪೆಟ್ಟಿಗೆ ನೋಡಿದಳು, ಗಡ್ಡ ನೋಡಿದಳು, ಮಗನ ಕೈಯಲ್ಲಿದ್ದ ಲಿಂಗ ನೋಡಿದಳು. ಅವಳು ಒಂದು ಸಲ ಕೂಗಿದರೆ ಡಾಕ್ಟರು ಬರ್ತಾರೆ, ಲಿಂಗ ಬೀಗದೊಳಗೆ ಹೋಗ್ತದೆ, ತಮ್ಮ ಬದುಕಲ್ಲ. ಅಮ್ಮ ಗಂಟನ್ನು ಬಾಗಿಲ ಬಳಿ ಇಳಿಸಿ ಕಾದಳು. ಮಗ ಉಂಡು ಕೈತೊಳೆದ ಮೇಲೆ ಮೌಲ್ವಿಯ ಎದುರಿಗೆ ಹೋಗಿ, ಅಡಿಯಿಂದ ಮುಡಿಯವರೆಗೆ ಅವರನ್ನು ಅಳೆದು ನೋಡಿದಳು.

"ನಾಳೀಕೂ ಬತ್ತೀಯೇನಪ್ಪ?"

"ಬತ್ತೀನಮ್ಮ."

ಅಮ್ಮ ನಂಬಲಿಲ್ಲ. ತಮ್ಮನ ಗಾಯ ಮಾಯೋವರೆಗೂ ದಿನಾ ಊಟದ ಹೊತ್ತಿಗೆ ಮುಂಚೆ ಗೇಟಿನ ಹತ್ತಿರ ಹೋಗಿ, ಸೆರಗು ತಲೆಮೇಲೆ ಹೊದ್ದುಕೊಂಡು ಅವರ ದಾರಿ ಕಾಯುತ್ತಾ ನಿಂತಿರುತ್ತಿದ್ದಳು.